ದಫೇದಾರನ ಹಿಪ್ಪುನೇರಳೆ

ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗುಲಿಗೆ ಬಂದರೆ ಸಿಮೆಂಟಿನ ಮೇಲೆಲ್ಲ ನೇರಳೆ ಬಣ್ಣದ ಪುಟಾಣಿ ಹೆಜ್ಜೆಗಳು. ಕೃಷ್ಣಾಷ್ಟಮಿ ಮುಗಿದು ಎಷ್ಟೋ ದಿನವಾಯಿತು, ನಮ್ಮ ಮನೆಯಲ್ಲಿ ಹೆಜ್ಜೆ ಬರೆಯುವ ಪದ್ಧತಿಯೂ ಇಲ್ಲ. ದೂರದ ಬೆಟ್ಟದ ಮೇಲಿರುವ ಗೋಪಾಲಸ್ವಾಮಿ ಈ ಮಂಜಿನಲ್ಲಿ ಬೆಚ್ಚಗಿನ ಗರ್ಭಗುಡಿ ಬಿಟ್ಟು ನಮ್ಮ ಜಗುಲಿಗೆ ಇಳಿದು ಬರುವಷ್ಟು ದಡ್ಡನೂ ಅಲ್ಲ. ಜಾಡು ಹಿಡಿದು ಹಿತ್ತಲಿಗೆ ಹೋದೆ. ಹಿಪ್ಪುನೇರಳೆ ಮರದ ಬುಡದಲ್ಲಿ ಪಕ್ಕದ ಮನೆಯ ನಾಯಿಮರಿ ಕುಟ್ಟ ಕೂತಿದ್ದ. ಮೂತಿ, ಎದೆ, ಒಂದು ಕಿವಿ, ಎಲ್ಲ ನೇರಳೆ. ಉದುರಿದ ಹಣ್ಣನ್ನು ಒಂದೊಂದಾಗಿ ಮೂಸಿ, ಹುಳಿ ಹಣ್ಣಿಗೆ ಮುಖ ಸಿಂಡರಿಸಿ, ಸಿಹಿಯನ್ನು ಮಾತ್ರ ಒಳಗೆ ಬಿಡುತ್ತಿದ್ದ.

ಅಷ್ಟರಲ್ಲಿ ಬೇಲಿಯಾಚೆಯಿಂದ ಬಿಂದು ಓಡಿ ಬಂದಳು. ಆಕೆಯ ಗಂಡ ಹೂವಿನ ವ್ಯಾಪಾರಿ. ವಯನಾಡಿನ ಕಡೆಯವರು. ಓಣಂಗೆ ನಮ್ಮ ಗುಂಡ್ಲುಪೇಟೆ ಸೀಮೆಯ ಚೆಂಡುಹೂವನ್ನೆಲ್ಲ ಲಾರಿಗೆ ತುಂಬಿ ಗಡಿ ದಾಟಿಸುವ ಸಲುವಾಗಿ ಇಲ್ಲೇ ಮನೆ ಮಾಡಿದ್ದಾರೆ. "ಅಯ್ಯೋ ಸಾರೇ, ಈ ಹಣ್ಣು ನಾಯಿಗೆ ಸೇಫಾ? ಫೋನಲ್ಲಿ ನೋಡಿದ್ರೆ ತೋಟದ ಬೆರ್ರಿ ಎಲ್ಲಾ ಡೇಂಜರ್ ಅಂತ ಉಂಟು. ಈ ಮರ ಕಡಿಸಿಬಿಡಿ ಸಾರೇ, ನಿಮಗೆ ಪುಣ್ಯ ಬರ್ತದೆ" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಆಕೆ ಗಾಬರಿಯಾಗಿ ನನ್ನನ್ನೇ ನೋಡಿದಳು. "ಇರಿ ಸಾರೇ, ಒಲೆ ಮೇಲೆ ಪಾಯಸ ಇಟ್ಟು ಬಂದಿದ್ದೀನಿ. ತಗೊಂಡು ಬರ್ತೀನಿ, ಆಮೇಲೆ ಹೇಳಿ" ಎಂದು ಮತ್ತೆ ಓಡಿದಳು. ಕುಟ್ಟ ನನ್ನ ಸುಪರ್ದಿಗೆ ಬಂದ.

ಪಾಯಸ ಬರುವ ತನಕ ನಿಮಗೆ ಹೇಳಿಬಿಡುತ್ತೇನೆ. ಇದೇ ಪ್ರಶ್ನೆಯ ಹಿಂದೆ ಬಿದ್ದು ನಾನೊಮ್ಮೆ, ಸರ್ಕಾರಿ ಸಂಬಳ ತಿನ್ನುವ ಗೃಹಸ್ಥ, ಊರೆಲ್ಲ ನೋಡುತ್ತಿದ್ದಂತೆ ನಾಲ್ಕು ಕಾಲಿನ ಮೇಲೆ ನಿಂತು ಬೊಗಳಬೇಕಾಯಿತು.

ಈ ಮನೆ ನನ್ನ ಸೋದರತ್ತೆ ದೊಡ್ಡತಾಯಮ್ಮನದು. ಗುಂಡ್ಲುಪೇಟೆಯಿಂದ ಕೇರಳ ಗಡಿಯ ಮದ್ದೂರಿನ ಕಡೆ ಹೋಗುವ ದಾರಿಯಲ್ಲಿ, ಕಾಡಂಚಿಗೆ ಬೆನ್ನು ಹಾಕಿ ಕೂತಿದೆ. ಅತ್ತೆಗೆ ಮಕ್ಕಳಿಲ್ಲ. ಸ್ಕೂಲು ಹತ್ತಿರ ಅನ್ನುವ ನೆಪದಲ್ಲಿ ನನ್ನನ್ನು ಚಿಕ್ಕಂದಿನಲ್ಲೇ ತಂದು ಸಾಕಿಕೊಂಡಳು. ಆಮೇಲೆ ಸ್ಕೂಲು ಮುಗಿಯಿತು, ಚಾಮರಾಜನಗರದಲ್ಲಿ ಕೆಲಸ ಸಿಕ್ಕಿತು, ಚಂದಕವಾಡಿಯ ಶಶಿಯ ಜೊತೆ ಮದುವೆಯೂ ಆಯಿತು. ನಾನು ಮಾತ್ರ ಇಲ್ಲಿಂದ ಕದಲಲಿಲ್ಲ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅತ್ತೆ ಯಾರ ಹತ್ತಿರವಾದರೂ ನನ್ನನ್ನು ಪರಿಚಯಿಸುವಾಗ "ಇಂವ ನನ್ ತಮ್ಮನ ಮಗ, ಓದೋಕೆ ಅಂತ ಬಂದೋನು, ಇನ್ನೂ ಓಗಿಲ್ಲ" ಅನ್ನುತ್ತಾಳೆ.

ಮಾವ ಗೊರವ. ಮೈಲಾರಲಿಂಗನ ಒಕ್ಕಲು. ಕರಿ ಕಂಬಳಿ, ಕೈಯಲ್ಲಿ ಡಮರುಗ, ಹೆಗಲಿಗೆ ಅರಿಶಿನ ತುಂಬಿದ ಭಂಡಾರದ ಚೀಲ, ತಲೆಗೆ ಕರಡಿ ಕೂದಲಿನ ದೊಡ್ಡ ಟೋಪಿ. ಆ ಟೋಪಿ ಹಾಕಿಕೊಂಡು ಕುಣಿಯಲು ನಿಂತರೆ ಎಮ್ಮೆಗಳು ಹಗ್ಗ ಹರಿದುಕೊಳ್ಳುತ್ತಿದ್ದವು. ಒಮ್ಮೆ ಫಾರೆಸ್ಟು ಗಾರ್ಡೊಬ್ಬ ತಡೆದು ನಿಲ್ಲಿಸಿ, ಉಳಿದ ಕರಡಿ ಎಲ್ಲಿ ಅಂತ ಕೇಳಿದನಂತೆ. ಮಾವ, "ಇದು ನಮ್ ತಾತನ ಕಾಲದ ಕರಡಿ ಸ್ವಾಮಿ. ಇದರ ಮೊಮ್ಮಕ್ಕಳು ನಿಮ್ ಕಾಡಲ್ಲೇ ಅವೆ, ಬೇಕಾದ್ರೆ ಓಗಿ ಇಚಾರಿಸ್ಕಳ್ಳಿ" ಎಂದು ಅವನ ಹಣೆಗೂ ಒಂದು ಚಿಟಿಕೆ ಅರಿಶಿನ ಬಳಿದು ಕಳಿಸಿದರಂತೆ.

ಗೊರವರ ಒಂದು ಪದ್ಧತಿ ನಿಮಗೆ ಹೇಳಲೇಬೇಕು. ಅವರು ಮೈಲಾರಲಿಂಗನ ನಾಯಿಗಳು. ಇದು ಬೈಗುಳವಲ್ಲ, ಅವರಿಗದು ಬಿರುದು. ಸೇವೆಯ ದಿನ ದೋಣಿ ಅನ್ನುವ ಮರದ ಬೋಗುಣಿಗೆ ಬಾಳೆಹಣ್ಣು, ಬೆಲ್ಲ, ಹಾಲು, ತುಪ್ಪ ಹಾಕಿ ರಸಾಯನ ಕಲಸುತ್ತಾರೆ. ಗೊರವರೆಲ್ಲ ಸುತ್ತ ಮಂಡಿಯೂರಿ, ಕೈ ಮುಟ್ಟಿಸದೆ, ಬೊಗಳುತ್ತ, ಗುರುಗುಡುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಅದಕ್ಕೆ ಬಾಯಿ ಹಾಕಿ ತಿನ್ನುತ್ತಾರೆ. ಅದೇ ದೋಣಿ ಸೇವೆ. ಮಾವ ಬೊಗಳಿದರೆ ಮೂರು ಬೀದಿಯ ನಾಯಿಗಳು ಉತ್ತರ ಕೊಡುತ್ತಿದ್ದವು. ಚಿಕ್ಕವನಿದ್ದಾಗ ನನಗೆ ಇದಕ್ಕಿಂತ ದೊಡ್ಡ ಸೋಜಿಗ ಬೇರೆ ಇರಲಿಲ್ಲ. ನೌಕರಿ ಸಿಕ್ಕಿದ ಮೇಲೆ ಇದಕ್ಕಿಂತ ದೊಡ್ಡ ಮುಜುಗರ ಬೇರೆ ಉಳಿಯಲಿಲ್ಲ. ಆಫೀಸಿನಲ್ಲಿ ಯಾರಾದರೂ "ನಿಮ್ಮ ಮಾವ ಏನು ಮಾಡ್ತಾರೆ?" ಅಂದರೆ "ಕಲಾವಿದರು" ಅನ್ನುತ್ತಿದ್ದೆ. ಯಾವ ಕಲೆ ಅಂದರೆ ಫೈಲು ಹುಡುಕಲು ಎದ್ದು ಹೋಗುತ್ತಿದ್ದೆ.

ದಫೇದಾರ ಮಾವನ ನಾಯಿ. ಕೆಂದು ಬಣ್ಣದ ನಾಟಿ ಜಾತಿ. ಮರಿಯಿದ್ದಾಗಲೇ ಬೆಳಿಗ್ಗೆ ಎದ್ದು ಬೀದಿಯ ಪ್ರತಿ ಮನೆಯ ಬಾಗಿಲಿಗೂ ಹೋಗಿ, ಒಳಗೆ ಇಣುಕಿ, ಎಲ್ಲ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು ಬರುತ್ತಿತ್ತು. ಅದಕ್ಕೇ ಆ ಹೆಸರು. ಮಾವ ಊರೂರು ತಿರುಗುವಾಗ ಜೊತೆಗೆ ಹೋಗುತ್ತಿತ್ತು. ದೋಣಿ ಸೇವೆಯಲ್ಲಿ ಮನುಷ್ಯರೆಲ್ಲ ನಾಯಿಗಳಾಗಿ ಬಾಯಿ ಹಾಕುವಾಗ ಹುಟ್ಟಾ ನಾಯಿಯಾದ ತಾನು ದೂರ ನಿಲ್ಲುವುದು ಅದಕ್ಕೆ ನ್ಯಾಯವಾಗಿ ಕಂಡಿರಲಾರದು. ಒಂದು ವರ್ಷ ನುಗ್ಗಿಯೇ ಬಿಟ್ಟಿತು. ಯಾರೋ ಕೋಲು ಎತ್ತಿದರು. ಮಾವ ಬಾಯಿಗೆ ಮೆತ್ತಿದ್ದ ಬಾಳೆಹಣ್ಣು ಒರೆಸಿಕೊಳ್ಳದೆಯೇ, "ಬುಡ್ರಯ್ಯಾ, ನಾವೆಲ್ಲ ಡ್ಯೂಪ್ಲಿಕೇಟು, ಇಂವ ಒರಿಜಿನಲ್ಲು" ಅಂದರು. ಅಂದಿನಿಂದ ದಫೇದಾರನಿಗೆ ಮಾವನ ಬಲಗಡೆಯ ಜಾಗ ಖಾಯಂ ಆಯಿತು.

ಮಾವ ಹೋದ ಮೇಲೆ ಅವರ ಜಾಗಕ್ಕೂ ದಫೇದಾರನೇ ಸರಿದು ಕೂತಿತು. ಅತ್ತೆ ಅಳುವ ಹೆಂಗಸಲ್ಲ. ಬೈದು ದುಃಖ ತೀರಿಸಿಕೊಳ್ಳುವವಳು. ಹೊಲಕ್ಕೆ ಹೋದರೆ ನಾಯಿಯ ಜೊತೆ ಮಾತು, ಒಲೆ ಮುಂದೆ ಕೂತರೆ ನಾಯಿಯ ಜೊತೆ ಮಾತು. "ನಿಮ್ಮಪ್ಪ ಇದ್ದಿದ್ರೆ ಈ ಸಾರು ಉಣ್ತಿದ್ನೇನ್ಲಾ? ಉಪ್ಪಿಲ್ಲ ಅಂತ ರಗಳೆ ತೆಗೀತಿದ್ದ. ನೀನೇ ವಾಸಿ ಬುಡು" ಅನ್ನುತ್ತಿದ್ದಳು. ಆ ನಾಯಿ ಇಲ್ಲದಿದ್ದರೆ ಅತ್ತೆ ಆ ವರ್ಷ ದಾಟುತ್ತಿರಲಿಲ್ಲ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ.

ಅಂಥ ಕಾಲದಲ್ಲಿ ನನ್ನ ಕೈಗೆ ಹೊಸ ಫೋನು ಬಂತು. ಫೋನು ಬಂದ ಹೊಸತರಲ್ಲಿ ಮನುಷ್ಯ ಹೇಗಾಗುತ್ತಾನೆ ಅಂತ ನಿಮಗೆ ಗೊತ್ತು. ಬಸ್ಸಿನಲ್ಲಿ ಕೂತು ಓದಿದ್ದೇ ಓದಿದ್ದು. ಸಕ್ಕರೆ ವಿಷ, ಉಪ್ಪು ವಿಷ, ಚಾಪೆಯ ಮೇಲೆ ಮಲಗುವುದು ಒಳ್ಳೆಯದು, ಚಾಪೆಯ ಮೇಲೆ ಮಲಗುವುದು ಕೆಟ್ಟದ್ದು. ಒಂದು ಸಂಜೆ ತೆರಕಣಾಂಬಿ ದಾಟುವಷ್ಟರಲ್ಲಿ, ಮನೆ ತೋಟದ ಸಣ್ಣ ಹಣ್ಣುಗಳು ನಾಯಿಗೆ ಪ್ರಾಣಾಂತಕ ಎನ್ನುವ ಜ್ಞಾನೋದಯವಾಯಿತು. ನಮ್ಮ ಹಿತ್ತಲನ್ನು ನೆನೆಸಿಕೊಂಡೆ. ಬೇಲಿ ತುಂಬ ಲಂಟಾನ, ಅದರ ಮೇಲೆ ಗುಲಗಂಜಿ ಬಳ್ಳಿ, ಬಚ್ಚಲ ನೀರು ಹರಿಯುವ ಕಡೆ ಗಣಿಕೆ ಗಿಡ, ಮೂಲೆಯಲ್ಲಿ ಎಲಚಿ, ನಡುವೆ ಹಿಪ್ಪುನೇರಳೆ. ಇದು ಹಿತ್ತಲೋ ಕಸಾಯಿಖಾನೆಯೋ! ದಫೇದಾರ ಇಷ್ಟು ದಿನ ಬದುಕಿದ್ದೇ ಪವಾಡ ಅನ್ನಿಸಿತು.

ಭಾನುವಾರ ಪಂಚೆ ಎತ್ತಿ ಕಟ್ಟಿ ಮಚ್ಚು ಹಿಡಿದು ಇಳಿದೆ. ಲಂಟಾನ ಹೋಯಿತು, ಗುಲಗಂಜಿ ಹೋಯಿತು. ಗಣಿಕೆಗೆ ಕೈ ಹಾಕಿದಾಗ ಅತ್ತೆ ಬಂದಳು.

"ಏನ್ಲಾ ಮಾಡ್ತಾ ಇದ್ದೀಯ? ಸೊಪ್ಪಿನ ಗಿಡ ಕಣ್ಲಾ ಅದು!"

"ಇದರ ಕಾಯಿ ನಾಯಿಗೆ ವಿಷ ಅತ್ತೆ."

"ಯಾರಂದೋರು?"

"ಫೋನಲ್ಲಿ ಬಂದದೆ."

"ಕಾಡಂದಿ ಅಟ್ಟುಸ್ಕಂಡು ಓಗೋ ನಾಯಿ ಕಣ್ಲಾ ಅದು. ಚಿರತೆ ವಾಸ್ನೆ ಇಡಿಯೋ ನಾಯಿ. ಯಾವ ಅಣ್ಣು ತಿನ್ಬೇಕು ಅಂತ ಅದ್ಕೆ ನಿನ್ನ ಫೋನು ಯೋಳ್ಕೊಡ್ಬೇಕಾ?" ಅಂದಳು. ಆದರೂ ನಾಯಿಯ ಪ್ರಾಣದ ಮಾತಲ್ಲವೇ, ಅಳುಕು ಹತ್ತಿತ್ತು. ಗಣಿಕೆ ಬಿಟ್ಟುಕೊಟ್ಟಳು, ಎಲಚಿಯನ್ನೂ ಬಿಟ್ಟುಕೊಟ್ಟಳು. ಹಿಪ್ಪುನೇರಳೆಯ ಹತ್ತಿರ ಹೋದಾಗ ಮಾತ್ರ ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತಳು. ಹಿಂದೆ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದಾಗ ಮಾವ ನೆಟ್ಟ ಕಡ್ಡಿ ಅದು. ರೇಷ್ಮೆ ಬಿಟ್ಟರೂ ಆ ಒಂದನ್ನು ಕತ್ತರಿಸದೆ ಮರವಾಗಲು ಬಿಟ್ಟಿದ್ದರು. ಹಣ್ಣಿನ ಕಾಲದಲ್ಲಿ ಮಾವನೂ ದಫೇದಾರನೂ ಅದರಡಿ ಕೂತು ತಿಂದು, ಇಬ್ಬರೂ ನೇರಳೆ ಬಾಯಿ ಮಾಡಿಕೊಂಡು ಒಳಗೆ ಬರುತ್ತಿದ್ದರು. "ಇದ್ನ ಮುಟ್ಟಿದ್ರೆ ನಿನ್ ಕೈ ಮುರೀತೀನಿ" ಅಂದಳು ಅತ್ತೆ. ನಾನು ಮಚ್ಚು ಕೆಳಗಿಟ್ಟೆ. "ಆಮೇಲೆ ನನ್ನ ಅನ್ಬೇಡ" ಎಂದು ಹೇಳುವುದನ್ನು ಮರೆಯಲಿಲ್ಲ. ಆ ಮಾತು ಹೇಳುವುದರಲ್ಲಿ ಎಂಥದೋ ಸುಖವಿದೆ ನೋಡಿ.

ಸೇವೆಯ ದಿನ ಬಂತು. ಸುತ್ತಲ ಊರಿನ ಗೊರವರೆಲ್ಲ ಬಂದು ಅಂಗಳ ತುಂಬಿದರು. ಡಮರುಗದ ಸದ್ದಿಗೆ ನನ್ನ ಹೆಂಡತಿ ಶಶಿ ಕಿವಿಗೆ ಸೆರಗು ಸುತ್ತಿಕೊಂಡು ಅಡಿಗೆ ಮಾಡಿದಳು. ಅತ್ತೆಗೆ ಆ ಸಲ ಮಾವನ ಹೆಸರಿನಲ್ಲಿ ರಸಾಯನ ಭಾರೀ ಆಗಬೇಕು ಅಂತ ಆಸೆ. "ಅವರಿದ್ದಾಗ ಬರೀ ಬಾಳೆಅಣ್ಣು ಬೆಲ್ಲದಲ್ಲೇ ಮುಗುಸ್ಬುಟ್ವಿ. ದೊಡ್ಡೋರ ಮನೇಲಿ ಆಕ್ದಂಗೆ ಈ ಸಲ ಗೋಡಂಬಿ ದ್ರಾಕ್ಷಿ ಬೀಳ್ಲಿ" ಎಂದು ತಾನೇ ಗುಂಡ್ಲುಪೇಟೆಗೆ ಹೋಗಿ, ಅಂಗಡಿಯವನ ತಲೆ ತಿಂದು, ಕಪ್ಪು ಒಣದ್ರಾಕ್ಷಿ ತಂದಿದ್ದಳು. ಕಪ್ಪಗೆ, ಕೊಬ್ಬಿ, ಮಿರಮಿರ ಮಿಂಚುವ ದ್ರಾಕ್ಷಿ.

"ಏಳು ಕೋಟಿಗೋ!" ಎಂದು ಮೈಲಾರಲಿಂಗನ ಹೆಸರಿನ ಕೂಗೆದ್ದಿತು. ಗೊರವರು ಬೊಗಳುತ್ತ ದೋಣಿಗೆ ಬಾಯಿ ಹಾಕಿದರು. ದಫೇದಾರ ಮಾವನ ಜಾಗದಲ್ಲಿ ಕೂತು ಗಂಭೀರವಾಗಿ ತಿನ್ನತೊಡಗಿತು. ಅತ್ತೆ ಪಕ್ಕದಲ್ಲೇ ಕೂತು, ರಸಾಯನದ ಆ ಕಡೆ ಈ ಕಡೆಯಿಂದ ದ್ರಾಕ್ಷಿಗಳನ್ನು ಆಯ್ದು ಆಯ್ದು ಅದರ ಮುಂದೆ ತಳ್ಳುತ್ತಿದ್ದಳು. "ತಿನ್ನು ಮಗ. ನಿಮ್ಮಪ್ಪ ಇದ್ನ ಕಾಣ್ನಿಲ್ಲ, ಅವನ ಪಾಲೂ ನೀನೇ ತಿನ್ನು." ನಾನು ಜಗುಲಿಯ ಮೇಲೆ ಪೇಪರು ಅಡ್ಡ ಹಿಡಿದು, ಇದಕ್ಕೂ ನನಗೂ ಸಂಬಂಧವಿಲ್ಲ ಅನ್ನುವ ಮುಖ ಮಾಡಿ ಕೂತಿದ್ದೆ.

ಊಟ ಮುಗಿಯುವ ಹೊತ್ತಿಗೆ ದಫೇದಾರ ವಾಂತಿ ಮಾಡಿತು. ಮತ್ತೆ ಮಾಡಿತು. ಆಮೇಲೆ ಕಾಲು ಮಡಿಸಿ ಬಿದ್ದುಕೊಂಡಿತು. ಬಿಸಿಲಲ್ಲಿ ಒಂದು ಕಾಗೆ ಬಂದು ಅದರ ಮುಂದೆಯೇ ಎಂಜಲೆಲೆ ಎಳೆದರೂ ಕಣ್ಣು ಬಿಡಲಿಲ್ಲ. ವಾಂತಿಯ ತುಂಬ ಕಪ್ಪು ಕಪ್ಪಗೆ, ಉಬ್ಬಿದ, ಮೆತ್ತಗಿನ ಹಣ್ಣುಗಳು. ನಾನು ಬಗ್ಗಿ ನೋಡಿ, ನೆಟ್ಟಗೆ ನಿಂತು, ಇಡೀ ಅಂಗಳಕ್ಕೆ ಕೇಳುವಂತೆ, "ನೋಡಿ, ಹಿಪ್ಪುನೇರಳೆ! ನಾನು ಹೇಳಿರಲಿಲ್ವಾ?" ಅಂದೆ.

ಅತ್ತೆ ನನ್ನ ಮುಖ ನೋಡಲಿಲ್ಲ. ಸೀದಾ ಒಳಗೆ ಹೋಗಿ ಮಚ್ಚು ತಂದಳು. ಹಿತ್ತಲಿಗೆ ಹೋಗಿ ಆ ಮರಕ್ಕೆ ಬೀಸಿದಳು. ಯಾರಿಗೂ ತಡೆಯುವ ಧೈರ್ಯವಾಗಲಿಲ್ಲ. "ನಿನ್ನ ನೆಟ್ಟೋನೂ ಓದ, ಇವನ್ನೂ ತಕ್ಕಂಡು ಓಗ್ತೀಯಾ? ಓಗ್ತೀಯಾ?" ಎಂದು ಒಂದೊಂದು ಏಟಿಗೂ ಬೈಯುತ್ತ ಕಡಿದಳು. ಮಾವ ಸತ್ತಾಗ ಅಳದವಳು ಅವತ್ತು ಅತ್ತಳು. ಮರ ಮೊಣಕಾಲೆತ್ತರದ ಮೋಟಾಗಿ ಉಳಿಯಿತು. ಆಮೇಲೆ ಅಂಗಳಕ್ಕೆ ಬಂದು, ಭಂಡಾರ ಹಿಡಿದು, ಮೈಲಾರಲಿಂಗನಿಗೆ ಹರಕೆ ಹೊತ್ತಳು: "ಅಪ್ಪಾ ನನ್ನೊಡೆಯ, ನಿನ್ ನಾಯಿನ ನೀನು ಉಳುಸ್ಕೊ. ಇಂವ ಬದುಕಿದ್ರೆ ಬರೋ ವರ್ಷ ನನ್ ತಮ್ಮನ ಮಗ ದೋಣಿಗೆ ಬಾಯಿ ಆಕ್ತಾನೆ!"

ಹರಕೆ ಅವಳದು, ಬಾಯಿ ನನ್ನದು. ನಾನು ಏನೋ ಹೇಳಲು ಹೋದೆ. ಶಶಿ ನನ್ನ ಕೈ ಹಿಂಡಿ, "ಆಟೋ ತತ್ತೀರೋ, ಇಲ್ಲೇ ನಿಂತು ಲಾ ಪಾಯಿಂಟ್ ಆಡ್ತೀರೋ?" ಅಂದಳು.

ಗೂಡ್ಸ್ ಆಟೋದಲ್ಲಿ ದಫೇದಾರನನ್ನು ಮಾವನ ಕರಿ ಕಂಬಳಿಯ ಮೇಲೆ ಮಲಗಿಸಿ ಪೇಟೆಯ ಪಶು ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಅತ್ತೆಯ ತೊಡೆಯ ಮೇಲೊಂದು ಡಬ್ಬಿ. ಡಾಕ್ಟರಿಗೆ ತೋರಿಸಬೇಕಾಗುತ್ತದೆ ಎಂದು ವಾಂತಿಯನ್ನು ತುಂಬಿಕೊಂಡು ಬಂದಿದ್ದಳು. ಅದು ನನ್ನ ಆಫೀಸಿನ ಟಿಫನ್ ಡಬ್ಬಿ ಅನ್ನುವುದು ಹಳ್ಳದ ಸೇತುವೆ ದಾಟಿದ ಮೇಲೆ ನನ್ನ ಗಮನಕ್ಕೆ ಬಂತು. ಆ ಹೊತ್ತಿನಲ್ಲಿ ಕೇಳುವುದು ಸಭ್ಯತೆಯಲ್ಲ ಎಂದು ಸುಮ್ಮನಾದೆ.

ಡಾಕ್ಟರಮ್ಮ ಆಗಷ್ಟೇ ಎಲ್ಲೋ ಹಸುವಿನ ಹೆರಿಗೆ ಮುಗಿಸಿ, ಮೊಣಕೈವರೆಗೂ ಸೋಪು ಹಚ್ಚಿಕೊಂಡು ನಿಂತಿದ್ದರು. ನಾನು ಮುಂದೆ ಹೋಗಿ ಹಿಪ್ಪುನೇರಳೆಯ ದುಷ್ಪರಿಣಾಮಗಳ ಬಗ್ಗೆ ಅವರಿಗೆ ತಿಳಿಸಿಕೊಟ್ಟೆ. ಆಕೆ ಡಬ್ಬಿ ತೆಗೆದು, ಒಂದು ಕಡ್ಡಿಯಿಂದ ಕೆದಕಿ, "ಇದು ಯಾವ ಸೀಮೆ ಹಿಪ್ಪುನೇರಳೆ? ದ್ರಾಕ್ಷಿ ಇದು. ಯಾರು ತಿನ್ನಿಸಿದ್ದು?" ಅಂದರು.

ಅತ್ತೆ ಇದ್ದಲ್ಲೇ ನೆಲಕ್ಕೆ ಕೂತಳು.

"ದ್ರಾಕ್ಷಿ ನಾಯಿಗೆ ಆಗಲ್ಲ. ಹಸೀದೂ ಆಗಲ್ಲ, ಒಣಗಿದ್ದು ಇನ್ನೂ ಆಗಲ್ಲ. ಕೆಲವು ನಾಯಿಗೆ ಒಂದು ಹಿಡಿ ಸಾಕು, ಕಿಡ್ನಿ ಕೂತುಬಿಡ್ತದೆ" ಎಂದು ಹೇಳುತ್ತಲೇ ಸೂಜಿ ಚುಚ್ಚಿ, ಇನ್ನಷ್ಟು ವಾಂತಿ ಮಾಡಿಸಿ, ಡ್ರಿಪ್ ಏರಿಸಿದರು. "ಬೇಗ ತಂದಿದ್ದೀರ. ಈಗ ಒಂದೇ ನೋಡ್ಬೇಕಾಗಿರೋದು. ಮೂತ್ರ ಆಗ್ಬೇಕು. ಆದ್ರೆ ನಾಯಿ ನಿಮ್ಮದು. ಆಗದಿದ್ರೆ ನನ್ನ ಕೈಲಿಲ್ಲ."

"ಹಿಪ್ಪುನೇರಳೆ?" ಅಂದೆ ನಾನು, ಇನ್ನೂ ಆಸೆ ಬಿಡದೆ.

"ಅದೇನು ಮಾಡ್ತದೆ? ಜಾಸ್ತಿ ತಿಂದ್ರೆ ಭೇದಿ ಆಗ್ತದೆ, ಅಷ್ಟೆ. ಎಲಚಿನೂ ಪರವಾಗಿಲ್ಲ, ಬೀಜ ನುಂಗದಂಗೆ ನೋಡ್ಕೊಳ್ಳಿ. ಲಂಟಾನದ ಹಸಿರು ಕಾಯಿ ಕೆಟ್ಟದ್ದು, ಗಣಿಕೆದೂ ಹಸಿರು ಕಾಯಿ ಬೇಡ. ಗುಲಗಂಜಿ ಅಂತೂ ಅಗಿದ್ರೆ ಮುಗೀತು." ನಾನು ಕಿತ್ತದ್ದರಲ್ಲಿ ಎಲಚಿ ಬಿಟ್ಟರೆ ಮಿಕ್ಕಿದ್ದು ತಪ್ಪಲ್ಲ ಎಂದಾಯಿತು. ಬೇರೆ ದಿನವಾಗಿದ್ದರೆ ಈ ಮಾತನ್ನು ಊರೆಲ್ಲ ಸಾರುತ್ತಿದ್ದೆ.

ಅತ್ತೆ ನೆಲದ ಮೇಲೆ ಕೂತಿದ್ದಳು. ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. "ಆಯ್ದು ಆಯ್ದು ಆಕ್ಬುಟ್ನಲ್ಲೋ. ಪಾಪದ ಮರ ಕಡ್ದುಬುಟ್ಟೆ. ಈ ಕೈ ಕಡ್ಕೋಬೇಕಾಗಿತ್ತು" ಅಂದಳು. ಹುಟ್ಟಿದಾಗಿನಿಂದ ನಾನು ಆ ಬಾಯಿಂದ ಬೈಗುಳ ಕೇಳಿದವನು. ಅಂಥ ಸಣ್ಣ ದನಿ ಅವಳಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತು ಆ ಕೈ ಹಿಡಿದುಕೊಂಡೆ. ಅದು ಇನ್ನೂ ಬಾಳೆಹಣ್ಣಿನಿಂದ ಅಂಟಂಟಾಗಿತ್ತು.

ಅಲ್ಲಿಂದ ಮುಂದೆ ಊರಿಗೆ ಊರೇ ಒಂದು ನಾಯಿ ಉಚ್ಚೆ ಹೊಯ್ಯುವುದನ್ನು ಕಾದು ಕೂತಿತು. ಸಂಜೆ ಮನೆಗೆ ತರುವುದು, ಬೆಳಿಗ್ಗೆ ಮತ್ತೆ ಡ್ರಿಪ್‌ಗೆ ಒಯ್ಯುವುದು. ಹಾಲಿನ ಡೇರಿಯಲ್ಲಿ ಅದೇ ಮಾತು, ಬಸ್ ಸ್ಟ್ಯಾಂಡಿನಲ್ಲಿ ಅದೇ ಮಾತು. "ಆಯ್ತಾ?" "ಇನ್ನೂ ಇಲ್ಲ." ನಾನು ಆಫೀಸಿನಿಂದ ಫೋನು ಮಾಡಿ ತಗ್ಗಿದ ದನಿಯಲ್ಲಿ "ಆಯ್ತಾ?" ಅಂದರೆ ಪಕ್ಕದ ಟೇಬಲ್ಲಿನವರು ಹೆರಿಗೆ ಅಂದುಕೊಂಡು ನನ್ನ ಬೆನ್ನು ತಟ್ಟಿದರು. ಅತ್ತೆ ದೇವರ ಮುಂದೆ ಕೂತು, ಬೇರೆ ಯಾರೂ ಯಾವ ದೇವರನ್ನೂ ಕೇಳಿರಲಾರದ ವರ ಕೇಳುತ್ತಿದ್ದಳು. "ಐಶ್ವರ್ಯ ಬ್ಯಾಡ, ಆಯುಸ್ಸು ಬ್ಯಾಡ. ಒಂದ್ಸಲ ಅವನ ಕಾಲೆತ್ತುಸಪ್ಪಾ, ಸಾಕು."

ಮೂರನೇ ದಿನ ಬೆಳಿಗ್ಗೆ ಆಟೋಗೆ ಎತ್ತಿ ಹಾಕಲು ಹೋದಾಗ ದಫೇದಾರ ನಮ್ಮ ಕೈ ಕೊಸರಿಕೊಂಡು ತಾನೇ ಎದ್ದಿತು. ತೂರಾಡುತ್ತ ಹಿತ್ತಲಿಗೆ ನಡೆಯಿತು. ನಾವು ಮೂವರೂ ಉಸಿರು ಹಿಡಿದು ಹಿಂದೆ ಹೋದೆವು. ಎಂದಿನ ಜಾಗದಲ್ಲಿ ಎಂದಿನ ಮರವಿಲ್ಲದ್ದನ್ನು ಕಂಡು ದಫೇದಾರನಿಗೆ ಇಲಾಖೆಯ ಮಟ್ಟದಲ್ಲಿ ಏನೋ ಅವ್ಯವಹಾರ ನಡೆದಿದೆ ಅನ್ನಿಸಿರಬೇಕು. ಮೋಟನ್ನು ಸುತ್ತು ಹಾಕಿತು, ಮೂಸಿತು, ನಮ್ಮ ಕಡೆ ತಿರುಗಿ ನೋಡಿತು. ಆಮೇಲೆ ಕಾಲೆತ್ತಿತು.

"ಏಳು ಕೋಟಿಗೋ!" ಎಂದು ಅತ್ತೆ ಕೂಗಿದ ಕೂಗಿಗೆ ಬೀದಿಯೇ ಹಿತ್ತಲಿಗೆ ಬಂತು. ಶಶಿ ಅಳುತ್ತ ನಗುತ್ತಿದ್ದಳು. ಯಾರೋ ಮಂಗಳಾರತಿ ತಟ್ಟೆಯನ್ನೇ ತಂದರು. ನಾಯಿ ಮಾತ್ರ ಸಾವಕಾಶವಾಗಿ, ಬಾಕಿಯಿದ್ದ ಕೆಲಸವನ್ನೆಲ್ಲ ತೀರಿಸಿತು. ಉಚ್ಚೆ ಹೊಯ್ದದ್ದಕ್ಕೆ ಆರತಿ ಎತ್ತಿಸಿಕೊಂಡವರು ನಮ್ಮ ತಾಲ್ಲೂಕಿನಲ್ಲಿ ದಫೇದಾರನೊಬ್ಬನೇ ಇರಬೇಕು. ಹಿಪ್ಪುನೇರಳೆಯನ್ನು ಎಷ್ಟು ಕಡಿದರೂ ಚಿಗುರುತ್ತದೆ, ರೇಷ್ಮೆ ಸಾಕಿದವರಿಗೆಲ್ಲ ಗೊತ್ತು. ಮುಂದಿನ ಮಳೆಗೆ ಆ ಮೋಟಿನ ತುಂಬ ಚಿಗುರು ಬಂತು.

ಚಿಗುರಿನ ಜೊತೆ ನನ್ನ ಹರಕೆಯೂ ಬೆಳೆಯಿತು. ನಾನು ವರ್ಷವಿಡೀ ವಕೀಲಿ ನಡೆಸಿದೆ. ಸಂಬಳದವನು, ನೆಗಡಿ ಸ್ವಭಾವದವನು, ಮಂಡಿ ನೋವಿದೆ. ಯಾವುದೂ ನಡೆಯಲಿಲ್ಲ. ಸೇವೆಯ ದಿನ ಕೊನೆಗೆ ಹಿರಿಯ ಗೊರವಯ್ಯನೇ ನನ್ನ ನೆರವಿಗೆ ಬಂದು, "ದೀಕ್ಷೆ ಆಗದೋನು ದೋಣಿಗೆ ಬಾಯಿ ಆಕಂಗಿಲ್ಲ ಕಣಮ್ಮ" ಅಂದ. ನಾನು ಮನಸ್ಸಿನಲ್ಲೇ ಅವನ ಕಾಲಿಗೆ ಬಿದ್ದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ದಫೇದಾರನಿಗೆ ಯಾವತ್ತಪ್ಪ ದೀಕ್ಷೆ ಕೊಟ್ಟಿದ್ರಿ?" ಅಂದಳು. ಗೊರವಯ್ಯ ಗಡ್ಡ ಕೆರೆದುಕೊಂಡು, ನಕ್ಕು, ನನಗೆ ಜಾಗ ಬಿಟ್ಟ.

ರಸಾಯನ ಕಲಸುವಾಗ ಇನ್ನೊಂದು ತಕರಾರು ಎದ್ದಿತು. ಯಾರೋ ಭಕ್ತರು ದ್ರಾಕ್ಷಿ ಪೊಟ್ಟಣ ತಂದಿದ್ದರು. ಅತ್ತೆ ಅದನ್ನು ಕಿತ್ತುಕೊಂಡು ಬೇಲಿಯಾಚೆ ಎಸೆದಳು. "ದೇವರಿಗೆ ತಂದದ್ದು ಕಣಕ್ಕ!" ಎಂದು ಅವರು ಕಣ್ಣು ಬಿಟ್ಟರು. "ನಾಯಿಗಳ ಒಡೆಯ ತಾನೆ ಅವ್ನು? ಒಕ್ಕಲಿಗೆ ಆಗದ್ದು ಒಡೆಯನ್ಗೂ ಬ್ಯಾಡ" ಅಂದಳು ಅತ್ತೆ. ಅಂದಿನಿಂದ ನಮ್ಮ ಮನೆಯ ಮೈಲಾರಲಿಂಗನಿಗೆ ದ್ರಾಕ್ಷಿ ಪಥ್ಯ. ಅವನೂ ಈವರೆಗೆ ದೂರಿಲ್ಲ.

ಮಂಡಿಯೂರಿದೆ. ಪಕ್ಕದಲ್ಲಿ ದಫೇದಾರ. ಊರಿನ ಮುಖಗಳೆಲ್ಲ ಮೇಲಿಂದ ನನ್ನನ್ನೇ ನೋಡುತ್ತಿದ್ದವು. ಬೊಗಳಲು ಬಾಯಿ ತೆರೆದರೆ ಕೆಮ್ಮಿನಂಥದ್ದೇನೋ ಬಂತು. ಎಲ್ಲರೂ ಗೊಳ್ಳೆಂದು ನಕ್ಕರು. ದಫೇದಾರ ತಿನ್ನುವುದನ್ನು ನಿಲ್ಲಿಸಿ, ಇಲಾಖೆಗೆ ಇಂಥವರನ್ನೆಲ್ಲ ಹೇಗೆ ತೆಗೆದುಕೊಳ್ಳುತ್ತಾರೋ ಎಂಬಂತೆ ನನ್ನನ್ನು ನೋಡಿತು. ಆಮೇಲೆ ಒಂದಿಷ್ಟು ಸರಿದು ಜಾಗ ಬಿಟ್ಟಿತು. ನಾನು ಬಾಯಿ ಹಾಕಿದೆ. ಮೂಗಿಗೆಲ್ಲ ಬಾಳೆಹಣ್ಣು, ಬೆಲ್ಲ, ತುಪ್ಪ. ಎಷ್ಟು ವರ್ಷ ಮಾವ ಇದೇ ಜಾಗದಲ್ಲಿ, ಇದೇ ರುಚಿಯಲ್ಲಿ ಮುಖ ಅದ್ದಿ ಕೂತಿದ್ದರಲ್ಲ, ನಾನು ಅವರನ್ನು ಕಲಾವಿದರು ಎಂದು ಬಚ್ಚಿಟ್ಟೆನಲ್ಲ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಮೂಗಿಗೆ ಹಾಲು ಏರಿತು ಎಂದು ಎಲ್ಲರಿಗೂ ಹೇಳಿದೆ. ಎದ್ದಾಗ ಅತ್ತೆ ಸೆರಗಿನಲ್ಲಿ ನನ್ನ ಮುಖ ಒರೆಸುತ್ತ, "ತಿನ್ನೋದೇನೋ ಸಂದಾಗಿ ತಿಂದೆ. ಬೊಗಳೋದು ಮಾತ್ರ ಬರ್ನಿಲ್ಲ ಕಣ್ಲಾ ನಿನ್ಗೆ" ಅಂದಳು.

ಆಮೇಲಿನ ವರ್ಷಗಳಲ್ಲಿ ಹರಕೆ ಇಲ್ಲದಿದ್ದರೂ ನಾನೇ ಹೋಗಿ ಕೂರುತ್ತಿದ್ದೆ. ಪ್ರತಿ ಸಲವೂ ಅದೇ ಕೆಮ್ಮು, ಪ್ರತಿ ಸಲವೂ ಅತ್ತೆಯ ಅದೇ ಷರಾ. ದಫೇದಾರ ಬಹಳ ಕಾಲ ಬದುಕಿ, ಹಲ್ಲೆಲ್ಲ ಉದುರಿ, ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಮಲಗಿದ್ದ ಹಾಗೆಯೇ ಹೋಯಿತು. ಅದನ್ನು ಹಿಪ್ಪುನೇರಳೆಯ ಬುಡದಲ್ಲೇ ಹೂಳಿದೆವು. ಮರ ಈಗ ಸೂರಿಗಿಂತ ಮೇಲೆ ಹೋಗಿದೆ. ಅದರ ಹಣ್ಣಿಗೆ ಅತ್ತೆ ದಫೇದಾರನ ಹಣ್ಣು ಅಂತಲೇ ಹೇಳುತ್ತಾಳೆ. ಅವಳಿಗೀಗ ಕಣ್ಣು ಮಂಜು. ಜಗುಲಿಯ ಮೇಲೆ ಕೂತು ಸದ್ದಿನ ಮೇಲೆಯೇ ಊರು ಆಳುತ್ತಾಳೆ.

ಇಗೋ, ಬಿಂದು ಬಂದಳು. ಒಂದು ಕೈಯಲ್ಲಿ ಪಾಯಸದ ಪಾತ್ರೆ, ಇನ್ನೊಂದರಲ್ಲಿ ಸೌಟು. ತುಪ್ಪದಲ್ಲಿ ಹುರಿದ ದ್ರಾಕ್ಷಿಯ ಘಮ ಅವಳಿಗಿಂತ ಮೊದಲೇ ಬಂತು. "ನೋಡಿ ಸಾರೇ, ಅವನಿಗೆ ಹಸಿವು. ಅದಕ್ಕೇ ಕಂಡ ಹಣ್ಣೆಲ್ಲ ತಿಂತಾನೆ. ಕುಟ್ಟಾ, ವಾ ವಾ, ಪಾಯಸಂ!" ಎಂದು ಬಗ್ಗಿ ಸೌಟು ಚಾಚಿದಳು. ಅದರ ತುಂಬ ಉಬ್ಬಿದ ದ್ರಾಕ್ಷಿಗಳು. ಕುಟ್ಟ ನನ್ನ ಕಾಲಿನ ಸಂದಿನಿಂದ ನುಸುಳಿ, ಬಾಲ ಬಡಿಯುತ್ತ ಹಾರಿದ. ಬೇಡ ಅನ್ನಲು ನನಗೆ ಕನ್ನಡವೂ ಬರಲಿಲ್ಲ, ಮಲಯಾಳವೂ ಬರಲಿಲ್ಲ. ಕಾಫಿ ಲೋಟ ಕೈಯಿಂದ ಬಿತ್ತು. ನಾನು ಬೊಗಳಿದೆ.

ಎಲ್ಲಿತ್ತೋ ಆ ಸದ್ದು, ಹೊಟ್ಟೆಯ ತಳದಿಂದ ಎದ್ದು ಬಂತು. ಕುಟ್ಟ ಗಾಳಿಯಲ್ಲೇ ಹೆದರಿ ಕೆಳಗೆ ಕುಕ್ಕರಿಸಿದ. ಬಿಂದುವಿನ ಕೈಯ ಸೌಟು ಮಣ್ಣಿಗೆ ಬಿತ್ತು. ನಾನು ಓಡಿ ಹೋಗಿ ಅದರ ಮೇಲೆ ಕಾಲಿಟ್ಟು, ಮರಿಯನ್ನು ಎತ್ತಿಕೊಂಡೆ. ಬೀದಿಯ ನಾಯಿಗಳು ಒಂದರ ಹಿಂದೊಂದು ಉತ್ತರ ಕೊಡತೊಡಗಿದವು. ಬಿಂದು ಬಾಯಿ ತೆರೆದು ನಿಂತಿದ್ದಳು. ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಜಗುಲಿಯ ಮೇಲೆ ಅತ್ತೆ ನಿಧಾನವಾಗಿ ಎದ್ದು ನಿಂತು, ಗೋಡೆ ಹಿಡಿದುಕೊಂಡು, ಹಿತ್ತಲಿನ ಕಡೆ ಮುಖ ತಿರುಗಿಸಿದಳು.

"ಯಾರ್ಲಾ ಅದು ಬೊಗಳಿದ್ದು?" ಅಂದಳು.

"ನಾನು ಕಣತ್ತೆ."

ಅವಳು ಗೋಡೆ ಸವರಿಕೊಂಡು ಮತ್ತೆ ಕೂತಳು. ಆಮೇಲೆ, "ನಿಮ್ಮಾವ ಬಂದ್ರು ಅನ್ಕಂಡೆ" ಅಂದಳು.